ಗಂಟಿನ ಮನೆತನ

ಮಲ್ಲಿಕಾಳ ಎಡಗಿವಿಯ ಕೆಳಗೆ ಎದ್ದ ಗಂಟು ಕಡಲೆಕಾಳಿನಷ್ಟಿದ್ದಾಗ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನಿಂಬೆಕಾಯಿಯಷ್ಟಾದ ಮೇಲೆ ಖೂಬಾ ಪ್ಲಾಟ್ ಬಡಾವಣೆಯ ಅವರ ಓಣಿಯಲ್ಲಿ ಕಂಡಕಂಡವರೆಲ್ಲ ವೈದ್ಯರಾದರು. ಒಬ್ಬರು ಸುಣ್ಣ ಬೆಲ್ಲ ಹಚ್ಚು ಎಂದರು. ಇನ್ನೊಬ್ಬರು ದೃಷ್ಟಿ ತೆಗೆಸು ಎಂದರು. ಮತ್ತೊಬ್ಬರು ದನಿ ತಗ್ಗಿಸಿ, ‘ಟಿಬಿ ಗಂಟು ಹಿಂಗೇ ಇರ್ತಾವಂತ’ ಎಂದು ಹೇಳಿ, ಹೇಳಿದ್ದು ತಾವಲ್ಲವೇ ಅಲ್ಲ ಎಂಬಂತೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು? ಆ ಮಾತು ಹುಮನಾಬಾದ್ ರಸ್ತೆ ಹಿಡಿದು ಬಸ್ಸಿಗಿಂತ ಮೊದಲೇ ಕಮಲಾಪುರ ಮುಟ್ಟಿತು. ಮಲ್ಲಿಕಾ ಸೊಸೆಯಾಗಿ ಹೋಗಬೇಕಾದ ಮನೆ ಇದ್ದದ್ದು ಅಲ್ಲಿಯೇ.

ಆ ಮನೆಯಲ್ಲಿ ಹಿರಿಯರೆಂದರೆ ದತ್ತಪ್ಪ, ವರ ಯಶವಂತನ ದೊಡ್ಡಪ್ಪ. ಯಶವಂತನ ತಂದೆ ಮಾಣಿಕಪ್ಪ ಅಣ್ಣನ ಎದುರು ಕೂತು ಮಾತಾಡಿದವರಲ್ಲ. ಹೀಗಾಗಿ ಕೆಂಪು ಬಾಳೆಯ ತೋಟಕ್ಕೆ ನೀರು ಬಿಡುವುದರಿಂದ ಹಿಡಿದು ಲಗ್ನದ ಮುಹೂರ್ತದವರೆಗೆ ದತ್ತಪ್ಪ ಹೂಂ ಅಂದರೆ ಹೂಂ, ಉಹೂಂ ಅಂದರೆ ಉಹೂಂ. ಅವರು ಈಗ ಹೂಂ ಎಂದೂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ.

“ಹುಡುಗಿ ಬ್ಯಾಡ ಅಂತ ನಾ ಅನ್ನಂಗಿಲ್ಲ,” ಎಂದು ಫೋನಿನಲ್ಲಿ ಮಲ್ಲಿಕಾಳ ತಂದೆ ಗುರುಲಿಂಗಪ್ಪನವರಿಗೆ ಹೇಳಿದರು. “ಆದ್ರ ಆ ಗಂಟಿಗೂ ಒಂದು ಹೆಸರಂತ ಇರಬೇಕಲ್ರಿ? ಅದರ ಹೆಸರು ಗೊತ್ತಾಗ್ಲಿ, ಮರುದಿನಾನೇ ಕಾರ್ಡು ಛಾಪಸೋಣು. ಅಲ್ಲೀತನಕ ತಡೀರಿ.”

ಗುರುಲಿಂಗಪ್ಪ ಪಂಪಿನ ಸಾಮಾನುಗಳ ಅಂಗಡಿ ಇಟ್ಟವರು. ಗಿರಾಕಿ ‘ಆಮೇಲೆ ಬರ್ತೀನಿ’ ಅಂದರೆ ಬರುವುದಿಲ್ಲ ಎಂದು ತಿಳಿದವರು. ಸಂಬಂಧದ ಭಾಷೆಯಲ್ಲಿ ‘ತಡೀರಿ’ ಎನ್ನುವುದಕ್ಕೂ ಅದೇ ಅರ್ಥ ಎಂದು ಅವರು ಲೆಕ್ಕ ಹಾಕಿದರು.

ಮಲ್ಲಿಕಾಳ ಚಿಂತೆ ಅದಕ್ಕಿಂತ ದೊಡ್ಡದು. ಅವಳು ಹೆಂಗಸರಿಗೆ ಸ್ಕೂಟಿ ಕಲಿಸುವ ಮಾಸ್ತರಣಿ. ಎಷ್ಟೋ ವರಗಳು ಬಂದು ಉಪ್ಪಿಟ್ಟು ತಿಂದು, ‘ಲಗ್ನ ಆದ ಮ್ಯಾಲ ಗಾಡಿಗೀಡಿ ಕಲಸೋದು ನಿಂದ್ರಸ್ತಾಳಲ್ರಿ?’ ಎಂದು ಅಪ್ಪನನ್ನು ಕೇಳಿ ಹೋಗಿದ್ದವು. ಯಶವಂತ ಒಬ್ಬನೇ ಅವಳನ್ನೇ ನೋಡಿ, “ನಮ್ಮವ್ವಗ ಭಾಳ ದಿನದ ಆಸೆ ಅದ. ಕಲಸ್ತೀರೇನ್ರಿ?” ಎಂದು ಕೇಳಿದ. ಅಷ್ಟೇ, ಮಲ್ಲಿಕಾ ಅಲ್ಲೇ ಸೋತಳು. ಆ ಹುಡುಗನೇ ಬೇಕು, ಇನ್ನೊಬ್ಬ ಬೇಡ. ಈಗ ಅವನಿಗೂ ಅವಳಿಗೂ ನಡುವೆ ನಿಂಬೆಕಾಯಿಯಷ್ಟು ದೊಡ್ಡದೊಂದು ಗಂಟು ಕೂತು, ನನ್ನ ಹೆಸರು ಹೇಳಿ ಮುಂದೆ ಹೋಗಿ ಎನ್ನುತ್ತಿತ್ತು.

ನಿಶ್ಚಯದ ದಿನ ನಡೆದದ್ದನ್ನು ಇಲ್ಲಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಿಶ್ಚಯ ತಮ್ಮ ಮನೆಯಲ್ಲೇ ಆಗಬೇಕೆಂದು ದತ್ತಪ್ಪ ಹಟ ಹಿಡಿದದ್ದರಿಂದ ಹೆಣ್ಣಿನವರೆಲ್ಲ ಕಮಲಾಪುರಕ್ಕೆ ಹೋಗಿದ್ದರು. ಹೊರಡುವ ಮೊದಲು ಅವ್ವ ಮಗಳಿಗೆ ಬುದ್ಧಿ ಹೇಳಿದ್ದಳು: “ಅಲ್ಲಿ ಏನ್ ಕೊಟ್ರೂ ಛಲೋ ಅದ ಅನ್ನು. ಏನ್ ಕೇಳಿದ್ರೂ ನಗು. ಸ್ಕೂಟಿ ಕಲಸುವಾಗ ಒದರಿದಂಗ ಒದರಬ್ಯಾಡ.” ಉಡಿ ತುಂಬಿದ ಮೇಲೆ ಅತ್ತೆಯಾಗುವ ಜಯದೇವಿ ಅವಳನ್ನು ದೇವರಿಗೆ ನಮಸ್ಕಾರ ಮಾಡಿ ಬಾ ಎಂದು ಒಳಗೆ ಕಳಿಸಿದರು. ದೇವರ ಕೋಣೆಯ ಪಕ್ಕದಲ್ಲಿ ತೊಗರಿ ಚೀಲಗಳ ಸಾಲು. ಚೀಲ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಆ ಮನೆಯ ಬೆಕ್ಕಿನ ಮರಿ ತೊಗರಿ ಬೇಳೆಯ ಹಾಗೆ ಹಳದಿ ಬಣ್ಣದ್ದು, ಹೆಸರೂ ಬ್ಯಾಳಿ. ಮಲ್ಲಿಕಾ ಬಗ್ಗಿದಳು. ಜಡೆಯ ಮಲ್ಲಿಗೆ ದಂಡೆ ತೂಗಿತು. ಚೀಲದ ಮೇಲೆ ಹೊಂಚು ಹಾಕಿ ಕೂತಿದ್ದ ಬ್ಯಾಳಿಗೆ ಅದು ಇನ್ನೇನೋ ಆಗಿ ಕಂಡಿತು.

ಹಾರಿ ಹೆಗಲ ಮೇಲೆ ಬಿದ್ದ ಮರಿ ಕಿವಿಯ ಹಿಂದಿನಿಂದ ಕುತ್ತಿಗೆಯವರೆಗೆ ಒಂದು ಗೀರು ಎಳೆಯಿತು. ಮಲ್ಲಿಕಾಳಿಗೆ ಮೊದಲೇ ಬೆಕ್ಕೆಂದರೆ ಜೀವ ಬಾಯಿಗೆ ಬರುತ್ತದೆ. ಅವಳು ತುಟಿ ಕಚ್ಚಿ ಹಿಡಿದು ಕಲ್ಲಾಗಿ ನಿಂತಾಗ ಸರಿಯಾಗಿ ಜಯದೇವಿ ಬಂದರು. ಬಂದವರು ಕಂಡದ್ದು ಸೊಸೆಯ ಹೆಗಲು, ಹೆಗಲ ಮೇಲೆ ಬ್ಯಾಳಿ, ಬ್ಯಾಳಿಯ ಬಾಯಲ್ಲಿ ಮಲ್ಲಿಗೆ.

“ಯವ್ವಾ, ಬರ್ರಿ ಎಲ್ಲಾರೂ!” ಎಂದು ಅವರು ಚಪ್ಪಾಳೆ ತಟ್ಟಿದರು. “ಯಾರ ಹತ್ರಾನೂ ಹೋಗದ ಬ್ಯಾಳಿ ನನ್ನ ಸೊಸಿ ಹೆಗಲೇರ್ಯಾದ! ಶಕುನ ಅಂದ್ರ ಇದ ನೋಡ್ರಿ!”

ಮಲ್ಲಿಕಾಳ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಎಂದು ಎಲ್ಲರೂ ತಿಳಿದರು. ಅವಳು ಸೆರಗನ್ನು ಕುತ್ತಿಗೆಗೆ ಎಳೆದುಕೊಂಡು, ಅವ್ವ ಹೇಳಿಕೊಟ್ಟ ಹಾಗೆ ನಕ್ಕಳು. ಬೆಕ್ಕೇ ಸೊಸೆಯನ್ನು ಆರಿಸಿದ ಕಥೆ ಆ ಮೇಲೆ ಕಮಲಾಪುರದ ಪ್ರತಿ ಮನೆಯ ಚಹಾದ ಜೊತೆ ಬಡಿಸಲ್ಪಟ್ಟಿತು. ಗೀರು ನಾಲ್ಕಾರು ದಿನಕ್ಕೆ ಒಣಗಿತು. ಅಲ್ಲೊಂದು ಚಿಕ್ಕ ಗುಳ್ಳೆ ಎದ್ದು ಹೋಯಿತು. ಸೆಕೆ ಗುಳ್ಳೆ ಇರಬೇಕೆಂದು ಮಲ್ಲಿಕಾ ಮರೆತೂಬಿಟ್ಟಳು. ಗಂಟು ಎದ್ದದ್ದು ಅದಾದ ಮೇಲೆ ಕೆಲವು ವಾರಕ್ಕೆ.

ದವಾಖಾನೆಯಲ್ಲಿ ಡಾಕ್ಟರ್ ಮಹಾದೇವ ಅವರು ಕೊಟ್ಟ ಗುಳಿಗೆಗೆ ಗಂಟು ಬಗ್ಗಲಿಲ್ಲ. ಸೂಜಿ ಹಾಕಿ ಕೀವು ತೆಗೆದು ನೋಡಿದರು. ಆ ವರದಿ ಕೇಳಲು ಹೋಗುವ ದಿನ ಜಯದೇವಿ ಕಮಲಾಪುರದಿಂದ ಬಸ್ಸು ಹತ್ತಿ ಬಂದೇಬಿಟ್ಟರು, ಕೈಯಲ್ಲಿ ಒಂದು ಹಣಿಗೆ ಕೆಂಪು ಬಾಳೆಹಣ್ಣು. “ನಮ್ಮ ಭಾವಾರು ಏನರ ಅನ್ಲಿ, ಇಕಿ ನನ್ನ ಸೊಸಿ. ನಾನೂ ಒಳಗ ಬರ್ತೀನಿ,” ಎಂದು ಹಣ್ಣನ್ನು ಡಾಕ್ಟರ ಮೇಜಿನ ಮೇಲಿಟ್ಟು ಮಲ್ಲಿಕಾಳ ಪಕ್ಕದ ಕುರ್ಚಿಯಲ್ಲಿ ಕೂತರು.

“ಸೂಕ್ಷ್ಮದರ್ಶಕದಾಗ ನೋಡಿದ್ರ ಟಿಬಿ ಇದ್ದಂಗ ಕಾಣ್ತದ,” ಎಂದರು ಡಾಕ್ಟರ್. “ಟಿಬಿ ಜೀನ್ ಟೆಸ್ಟ್ ಮಾಡಿದ್ರ ಅದು ಇಲ್ಲ ಅಂತದ. ಹಂಗಂತ ಟಿಬಿ ಇಲ್ಲಾಂತ ಖಾತ್ರಿ ಹೇಳಾಕ ಬರಂಗಿಲ್ಲ. ಈಚೀಗ ಏನರ ಗಾಯ, ಕಡಿತ, ಪರಚಿದ್ದು? ಮನ್ಯಾಗ ನಾಯಿ ಬೆಕ್ಕು?”

ಮಲ್ಲಿಕಾಳ ಬಾಯಿ ತೆರೆಯಿತು. ಪಕ್ಕದಲ್ಲಿ ಜಯದೇವಿ ಅವಳ ಕೈಯನ್ನು ತಮ್ಮ ಕೈಯೊಳಗೆ ಇಟ್ಟುಕೊಂಡು ಬೆಚ್ಚಗೆ ಹಿಡಿದಿದ್ದರು. ಇವರ ಎದುರಿಗೆ ‘ನಿಮ್ಮ ಶಕುನ ನನ್ನ ಕುತ್ತಿಗೆ ಪರಚಿತ್ತು’ ಎನ್ನುವುದು ಹೇಗೆ? ಒಣಗಿಹೋದ ಗೀರಿಗೂ ಈ ಗಂಟಿಗೂ ಏನು ಸಂಬಂಧ ಎಂದು ಮನಸ್ಸಿಗೆ ತಾನೇ ಸಮಾಧಾನ ಹೇಳಿಕೊಂಡಳು.

“ಇಲ್ರಿ,” ಎಂದಳು.

ವಕೀಲರ ಹತ್ತಿರ, ವೈದ್ಯರ ಹತ್ತಿರ ಸುಳ್ಳು ಹೇಳಬಾರದು ಎಂದು ಹಿರಿಯರು ಹೇಳಿದ್ದಾರೆ. ಆದರೆ ಪಕ್ಕದಲ್ಲಿ ಅತ್ತೆ ಕೂತಿದ್ದರೆ ಏನು ಮಾಡಬೇಕು ಎಂಬುದನ್ನು ಅವರು ಹೇಳಿಲ್ಲ.

ಡಾಕ್ಟರು ಎರಡು ದಾರಿ ತೋರಿಸಿದರು. ಆರು ತಿಂಗಳ ಟಿಬಿ ಗುಳಿಗೆ ಇಂದೇ ಶುರು ಮಾಡಬಹುದು, ಇಲ್ಲವೇ ಉಳಿದ ಕೀವನ್ನು ಇನ್ನೊಂದು ಜೀನ್ ಪರೀಕ್ಷೆಗೆ ಕಳಿಸಿ ಸ್ವಲ್ಪ ದಿನ ಕಾಯಬಹುದು. ಗುರುಲಿಂಗಪ್ಪ ಇನ್ನೂ ತಲೆ ಕೆರೆಯುತ್ತಿದ್ದಾಗಲೇ ಜಯದೇವಿ, “ಕಳಸ್ರಿ, ಕಾಯ್ತೀವಿ,” ಎಂದು ತೀರ್ಪು ಕೊಟ್ಟರು.

ರೋಜಾ ಬಡಾವಣೆಯ ಕಡೆ ಹೋಗುವ ರಸ್ತೆಯಲ್ಲಿ ಅತ್ತರಿನ ಅಂಗಡಿಯ ಮಾಳಿಗೆ ಮೇಲೆ ಆ ಪರೀಕ್ಷೆ ಮಾಡುವ ಪ್ರಯೋಗಾಲಯ. ನೋಡಿಕೊಳ್ಳುವವರು ಡಾಕ್ಟರ್ ಮದಿಹಾ. ರೋಗಾಣುಗಳ ಬಗ್ಗೆ ಮಾತು ಶುರು ಮಾಡಿದರೆ ಮುಖ ಅರಳುವ ಹೆಣ್ಣುಮಗಳು. ಗುರುಲಿಂಗಪ್ಪನವರಿಗೆ ಒಂದೇ ಅನುಮಾನ: ಒಂದು ಜೀನ್ ಟೆಸ್ಟ್ ಆಗಿರುವಾಗ ಮತ್ತೊಂದು ಯಾಕೆ?

“ಅಂಕಲ್, ಮೊದಲಿನ ಟೆಸ್ಟ್ ಕೇಳೋದು ಒಂದೇ ಪ್ರಶ್ನೆ: ನೀನು ಟಿಬಿ ಏನು? ಅದು ಅಲ್ಲ ಅಂತು, ಮಾತು ಮುಗೀತು. ನಾನು ಕೇಳೋದು: ಹಂಗಾದ್ರ ನೀ ಯಾರು? ಎಲ್ಲಾ ಬ್ಯಾಕ್ಟೀರಿಯಾದಾಗೂ ಒಂದು ಜೀನ್ ಇರ್ತದ. ಸ್ವಲ್ಪ ಭಾಗ ಎಲ್ಲಾದರದ್ದೂ ಒಂದೇ, ಸ್ವಲ್ಪ ಭಾಗ ಒಂದೊಂದು ಜಾತಿದು ಒಂದೊಂದು ತರ. ಆ ಬ್ಯಾರೆ ಇರೋ ಭಾಗ ಓದಿ, ಜಗತ್ತಿನಾಗ ಗೊತ್ತಿರೋ ಎಲ್ಲಾ ಬ್ಯಾಕ್ಟೀರಿಯಾದ ಜೋಡಿ ತಾಳೆ ಹಾಕ್ತೀವಿ. ಗಾಜಿನ ತಟ್ಟಿಯಾಗ ಬೆಳಸಾಕ ಹೋದ್ರ ಬೆಳೀದಿದ್ದವೂ ಇದ್ರಾಗ ಸಿಕ್ಕಬೀಳ್ತಾವ.”

ಗುರುಲಿಂಗಪ್ಪನವರಿಗೆ ತಟ್ಟನೆ ದೀಪ ಹತ್ತಿತು. “ಅಂದ್ರ ನಮ್ಮ ಮಂದಿ ಲಗ್ನಕ್ಕ ಮೊದಲು ವಂಶದ ಬೆಡಗು ಕೇಳಿದಂಗ! ಹೆಸರು ಏನರ ಇಟಗೊಳ್ಳಿ, ಬೆಡಗು, ಮನೆತನ ಕೇಳಿದ್ರ ಯಾರ ಪೈಕಿ ಅಂತ ಗೊತ್ತಾಗಿ ಬಿಡ್ತದ.”

“ಹಂಗೇ ಅನ್ಕೋರಿ,” ಎಂದು ಮದಿಹಾ ನಕ್ಕರು. “ಗಂಟಿನ ಮನೆತನ ಕೇಳೋಣು.”

ಕಾಯುವ ದಿನಗಳು ಜಗ್ಗಿದಷ್ಟೂ ಉದ್ದವಾದವು. ಬೆಳಿಗ್ಗೆ ಮೈದಾನದಲ್ಲಿ ಹೆಂಗಸರಿಗೆ ಸ್ಕೂಟಿ ಕಲಿಸುವಾಗ ಮಲ್ಲಿಕಾ ಎಂದಿನಂತೆ ಒದರುತ್ತಿದ್ದಳು: “ಬ್ರೇಕ್ ಹಿಡೀರಿ! ಬಿದ್ದ್ರ ಬಿದ್ದೆ ಅನ್ರಿ, ನಾಚಿಗಿ ಮಾಡ್ಕೋಬ್ಯಾಡ್ರಿ!” ಸಂಜೆ ಯಶವಂತನ ಫೋನು ಬರುತ್ತಿತ್ತು. “ಆರು ತಿಂಗಳಾದ್ರೂ ಕಾಯ್ತೀನಿ,” ಎನ್ನುತ್ತಿದ್ದ ಅವನು. ಅವನು ಕಾಯುತ್ತಾನೆ ಎಂಬುದರಲ್ಲಿ ಅವಳಿಗೆ ಅನುಮಾನ ಇರಲಿಲ್ಲ. ಆದರೆ ಅಷ್ಟರಲ್ಲಿ ದತ್ತಪ್ಪನವರ ಕಿವಿಗೆ ಯಾರ್ಯಾರು ಯಾವ ಯಾವ ಕನ್ಯೆಯ ಸುದ್ದಿ ಹಾಕುತ್ತಾರೋ ಯಾರಿಗೆ ಗೊತ್ತು? ಮಲ್ಲಿಕಾಳಿಗೆ ಭಯವಾಗಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದೇನೂ ಇಲ್ಲ.

ವರದಿ ಬಂದ ದಿನ ಜಯದೇವಿ ಮತ್ತೆ ಹಾಜರು, ಮತ್ತೆ ಒಂದು ಹಣಿಗೆ ಬಾಳೆಹಣ್ಣು. ಅಪ್ಪ, ಮಗಳು, ಬೀಗತಿ ಮೂವರೂ ಮದಿಹಾರ ಎದುರು ಸಾಲಾಗಿ ಕೂತರು.

“ಟಿಬಿ ಅಲ್ಲ,” ಎಂದರು ಮದಿಹಾ ಮೊದಲ ಮಾತಿಗೇ.

ಗುರುಲಿಂಗಪ್ಪ ಉಸಿರು ಬಿಟ್ಟ ಸದ್ದು ಕೆಳಗಿನ ಅತ್ತರಿನ ಅಂಗಡಿಗೂ ಕೇಳಿಸಿರಬೇಕು. ಜಯದೇವಿ ಕಣ್ಣು ಮುಚ್ಚಿ ಕೈಮುಗಿದರು.

“ಮತ್ತ ಹೆಸರು? ನಮ್ಮ ಬೀಗರಿಗೆ ಹೆಸರು ಬೇಕ್ರಿ,” ಎಂದರು ಗುರುಲಿಂಗಪ್ಪ.

“ಹೆಸರೂ ಸಿಕ್ಕದ. ಬಾರ್ಟೊನೆಲ್ಲಾ ಹೆನ್ಸೆಲೇ.”

“ಇದು ಯಾವ ಊರಿಂದ್ರೀ?”

“ಊರಿಂದಲ್ಲ ಅಂಕಲ್, ಬೆಕ್ಕಿಂದು. ಮರಿಬೆಕ್ಕಿನ ಮೈಮ್ಯಾಲ ಚಿಗಟ ಇದ್ರ ಅದರಿಂದ ಉಗುರಿಗೆ ಬರ್ತದ. ಆ ಉಗುರು ಪರಚಿದ್ರ ಮನುಷ್ಯಾಗ ಬರ್ತದ. ಪರಚಿದ ಜಾಗದ ಹತ್ರ ಗಂಟಾಗ್ತದ, ಕೈ ಪರಚಿದ್ರ ಬಗಲಾಗ, ಕಂಕುಳಾಗ. ಬೆಕ್ಕಿಗೆ ಏನೂ ಆಗಿರಂಗಿಲ್ಲ, ಆರಾಮ ಆಡಿಕೊಂಡಿರ್ತದ. ನಿಮ್ಮ ಮನ್ಯಾಗ ಬೆಕ್ಕದ ಏನ್ರಿ?”

ಗುಡ್ಡ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ಇಲ್ಲಿ ಗುಡ್ಡ ಅಗೆದದ್ದಕ್ಕೆ ಬೆಕ್ಕು ಸಿಕ್ಕಿತ್ತು. ಗುರುಲಿಂಗಪ್ಪ ಮಾತ್ರ ಒಪ್ಪಲು ತಯಾರಿರಲಿಲ್ಲ. “ಬೆಕ್ಕಾ? ನಮ್ಮದು ಮೂರನೇ ಮಾಳಿಗಿ. ಇಲೀನೇ ಹತ್ತಂಗಿಲ್ಲ, ಬೆಕ್ಕ ಎಲ್ಲಿಂದ ಬರಬೇಕು? ನಮ್ಮ ಹುಡುಗಿ ಬೆಕ್ಕ ಕಂಡ್ರ ಕುರ್ಚಿ ಏರಿ ನಿಂದರ್ತಾಳ್ರಿ. ನಿಮ್ಮ ಮಷಿನ್ನೇ ತಪ್ಪಿರಬೇಕು.”

“ಮಷಿನ್ನು ತಪ್ಪಿಲ್ಲ ಅಂಕಲ್. ಎರಡು ಸಲ ನೋಡೀವಿ. ಎಲ್ಲೋ ಒಂದು ಬೆಕ್ಕು ಇಕಿನ್ನ ಪರಚೇದ.”

ಎಲ್ಲರೂ ಮಲ್ಲಿಕಾಳನ್ನು ನೋಡಿದರು. ಬಾಯಿ ಮುಚ್ಚಿಕೊಂಡು ಅವಳು ಕಾಪಾಡಿದ ಗುಟ್ಟನ್ನು ಒಂದು ತೊಟ್ಟು ಕೀವು ಹೇಳಿಬಿಟ್ಟಿತ್ತು. ನಿಜ ಹೇಳಿದರೆ ಅತ್ತೆಯ ಶಕುನ ಮುರಿಯುತ್ತದೆ, ಊರ ಮುಂದೆ ಅವರ ಮುಖ ಸಣ್ಣದಾಗುತ್ತದೆ, ದತ್ತಪ್ಪನವರು ಬ್ಯಾಳಿಯನ್ನು ಉಳಿಸುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವಳು ನೆಲ ನೋಡಿ ಹೇಳಿದಳು: “ಓಣ್ಯಾಗ ಒಂದು ಬೆಕ್ಕು ಸ್ಕೂಟಿ ಸೀಟಿನ ಮ್ಯಾಲ ಕುಂತಿತ್ರಿ. ಓಡಸಾಕ ಹೋಗಿದ್ದೆ.”

ಸುಳ್ಳಿಗೆ ತಲೆಬುಡ ಇರುವುದಿಲ್ಲ ಅನ್ನುತ್ತಾರೆ. ಈ ಸುಳ್ಳಿಗೆ ನಾಲ್ಕು ಕಾಲೂ ಒಂದು ಬಾಲವೂ ಇದ್ದವು. ಮದಿಹಾ ತಲೆಯಾಡಿಸಿ, ಭಾಳ ಮಂದಿಗೆ ಇದು ತಾನಾಗಿಯೇ ಕರಗುತ್ತದೆ, ಮಹಾದೇವ ಡಾಕ್ಟರು ಐದು ದಿನದ ಗುಳಿಗೆ ಬರೆದುಕೊಡಬಹುದು, ಅಷ್ಟೇ ಎಂದರು. ಆರು ತಿಂಗಳು ಐದು ದಿನಕ್ಕೆ ಇಳಿದದ್ದು ಕೇಳಿ ಗುರುಲಿಂಗಪ್ಪ ಮಷಿನ್ನಿನ ಮೇಲಿನ ಅಪವಾದವನ್ನು ಅಲ್ಲೇ ವಾಪಸು ತೆಗೆದುಕೊಂಡರು.

ಮೂವರೂ ಕೆಳಗಿಳಿದು ರಸ್ತೆ ದಾಟಿ ಚಹಾದಂಗಡಿಯ ಬೆಂಚಿನ ಮೇಲೆ ಕೂತರು. ಗುರುಲಿಂಗಪ್ಪ ಚಹಾ ಹೇಳಲು ಹೋದದ್ದೇ ತಡ, ಜಯದೇವಿ ಮಲ್ಲಿಕಾಳ ಕಡೆ ತಿರುಗಿದರು.

“ಬೆಕ್ಕ ಕಂಡ್ರ ಕುರ್ಚಿ ಏರ್ತಿ ಅಂದ್ರು ನಿಮ್ಮಪ್ಪ. ಮತ್ತ ಓಡಸಾಕ ಹ್ಯಾಂಗ ಹೋದಿ?”

ಜಯದೇವಿ ಅವಳ ಕೂದಲು ಸರಿಸಿ ಕಿವಿಯ ಹಿಂದೆ ನೋಡಿದರು. ಹತ್ತಿರದಿಂದ ನೋಡಿದರೆ ಬಿಳಿಯ ಗೆರೆ ಇನ್ನೂ ಇತ್ತು.

“ಬ್ಯಾಳಿ ಬಾಯಾಗ ಹೂವಿತ್ತು,” ಎಂದರು ಅವರು ಮೆಲ್ಲಗೆ. “ನಾ ನಕ್ಕೆ, ಮಂದೀನ ಕರದೆ. ನೀನೂ ನಗಾಕತ್ತಿದ್ದಿ. ಅವತ್ತು ನೋವಾಗಿದ್ದಿಲ್ಲೇನು?”

“ಭಾಳ ನೋವಾಗಿತ್ತು, ಅತ್ತಿ,” ಎಂದಳು ಮಲ್ಲಿಕಾ. ಹೇಳಿದ ಕೂಡಲೇ ಅವಳಿಗೆ ಅಳು ಒತ್ತಿ ಬಂತು. ಗೀರಿಗಲ್ಲ, ಇಷ್ಟು ದಿನ ಒಬ್ಬಳೇ ಹೊತ್ತುಕೊಂಡು ತಿರುಗಿದ ಭಯಕ್ಕೆ.

ಜಯದೇವಿ ಸಮಾಧಾನ ಮಾಡುತ್ತಾರೆಂದು ನೀವು ತಿಳಿದಿದ್ದರೆ ಅದು ತಪ್ಪು. ಅವರಿಗೆ ಸಿಟ್ಟು ನೆತ್ತಿಗೇರಿತು. “ನಾನೇನು ಹುಲಿ ಏನ? ತಿಂತಿದ್ನೇನು? ಆರು ತಿಂಗಳು ಇಲ್ಲದ ರೋಗಕ್ಕ ಗುಳಗಿ ನುಂಗ್ತಿದ್ದಿಯಲ್ಲ, ನನಗ ಕೆಟ್ಟ ಅನಸ್ತದಂತ! ಏಳು, ನಡಿ ಕಮಲಾಪುರಕ್ಕ. ಬಸ್ಸು ಬ್ಯಾಡ, ನಿನ್ನ ಗಾಡಿ ಮ್ಯಾಲೇ ಹೋಗೋಣು. ಖರೇ ಏನದ ಅದನ್ನ ಭಾವಾರ ಮುಂದ ಹೇಳೋಣು.”

ಚಹಾ ಹಿಡಿದು ಬಂದ ಗುರುಲಿಂಗಪ್ಪ, “ಬೀಗತೇರ, ಲಗ್ನಕ್ಕ ಮೊದಲು ಹುಡುಗಿ ಆ ಮನಿಗೆ...” ಎನ್ನುವಷ್ಟರಲ್ಲಿ ಸ್ಕೂಟಿ ಶುರುವಾಗಿತ್ತು. ಕಲಿಯಲು ಬರುವವರಿಗೆಂದು ಮಲ್ಲಿಕಾ ಇಟ್ಟುಕೊಂಡಿದ್ದ ಇನ್ನೊಂದು ಹೆಲ್ಮೆಟ್ ಜಯದೇವಿಯವರ ತಲೆಯ ಮೇಲಿತ್ತು. ಕೈಯಲ್ಲಿ ಉಳಿದ ಮೂರು ಚಹಾವನ್ನು ಗುರುಲಿಂಗಪ್ಪ ತಾವೊಬ್ಬರೇ ಕುಡಿಯಬೇಕಾಯಿತು.

ಮಹಾಗಾಂವ ಕ್ರಾಸ್ ದಾಟುವವರೆಗೆ ಜಯದೇವಿ ಸೊಸೆಯ ಸೊಂಟ ಬಿಗಿಯಾಗಿ ಹಿಡಿದು, ಒಂದೊಂದು ಲಾರಿ ಬಂದಾಗಲೂ ಶಿವಶಿವಾ ಎಂದರು. ದಾಟಿದ ಮೇಲೆ, “ಇನ್ನೊಂಚೂರು ಜೋರು ಹೋಗಂಗಿಲ್ಲೇನು ಇದು?” ಎಂದು ಕೇಳಿದರು.

ಕಮಲಾಪುರದಲ್ಲಿ ದತ್ತಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ಪೇಟೆಗೆ ಹೋಗಬೇಕಾದ ಬಾಳೆಗೊನೆಗಳನ್ನು ಯಶವಂತನಿಂದ ಸಾಲಾಗಿ ಇಡಿಸುತ್ತಿದ್ದರು. ಹೆಲ್ಮೆಟ್ ಹಾಕಿಕೊಂಡು ಇಳಿದ ತಮ್ಮನ ಹೆಂಡತಿಯನ್ನು ಅವರು ಮೊದಲು ಗುರುತಿಸಲೇ ಇಲ್ಲ. ಯಶವಂತ ಕೈಯಲ್ಲಿದ್ದ ಗೊನೆಯನ್ನು ಹಾಗೇ ಹಿಡಿದು ನಿಂತುಬಿಟ್ಟ. ಉಡಿ ತುಂಬಿಸಿಕೊಂಡ ಹುಡುಗಿ ಲಗ್ನಕ್ಕೆ ಮೊದಲು ಹೊಸ್ತಿಲು ದಾಟಬಾರದೆಂದು ಮಲ್ಲಿಕಾ ಕಟ್ಟೆಯ ಕೆಳಗೇ ನಿಂತಳು.

ಜಯದೇವಿ ಏನನ್ನೂ ಮುಚ್ಚಿಡದೆ ಎಲ್ಲ ಹೇಳಿದರು. ವರದಿ ತೋರಿಸಿದರು. ದತ್ತಪ್ಪ ಕನ್ನಡಕ ಏರಿಸಿ, ಇಳಿಸಿ, ಕೊನೆಗೆ ಪಕ್ಕಕ್ಕಿಟ್ಟರು.

“ಅಂದ್ರ ಟಿಬಿ ಅಲ್ಲ. ಛಲೋ ಆತು. ಆದ್ರ ಶಕುನ ಅಂತ ಊರ ತುಂಬ ಹೇಳಿದ್ದು ಅಪಶಕುನ ಆತಲ್ಲ? ಆ ಬೆಕ್ಕನ್ನ ಚೀಲದಾಗ ಹಾಕಿ ದೂರ ಎಲ್ಲೆರ ಬಿಟ್ಟು ಬರ್ರಿ.”

ತನ್ನ ಹೆಸರು ಬಂತೇನೋ ಎಂಬಂತೆ ಬ್ಯಾಳಿ ಒಳಗಿನಿಂದ ಬಂದು ಬಾಳೆಗೊನೆಯ ತೊಟ್ಟಿನ ಜೊತೆ ಆಡತೊಡಗಿತು. ಮಲ್ಲಿಕಾ ಒಂದು ಹೆಜ್ಜೆ ಹಿಂದೆ ಸರಿದಳು. ಸರಿದವಳು ಅಲ್ಲಿಂದಲೇ ಮಾತಾಡಿದಳು.

“ದೊಡ್ಡಪ್ಪಾರ, ನನಗ ಬೆಕ್ಕಂದ್ರ ಈಗೂ ಅಂಜಿಕಿ. ಆದ್ರ ಅದರದೇನು ತಪ್ಪು? ಹೂವ ಕಂಡು ಹಾರ್ತು, ಮರಿ ಅದು. ತಪ್ಪು ನಂದು. ಡಾಕ್ಟರ್ ಬಾಯಿಬಿಟ್ಟು ಕೇಳಿದ್ರು, ನಾ ಹೇಳಲಿಲ್ಲ. ಅವತ್ತೇ ಹೇಳಿದ್ರ ಇಷ್ಟು ತ್ರಾಸ ಆಗ್ತಿದ್ದಿಲ್ಲ. ಬೆಕ್ಕಿಗೆ ಚಿಗಟದ ಔಷಧ ಹಾಕಿಸಿದ್ರ ಸಾಕಂತ. ಮತ್ತ ನೀವು ಹೆಸರು ಕೇಳಿದ್ರಿ, ಹೆಸರು ತಂದೀವಿ. ಹೆಸರು ಬಂದ ಮರುದಿನ ಕಾರ್ಡು ಛಾಪಸೋಣು ಅಂದಿದ್ರಿ.”

ಇಷ್ಟು ಮಾತು ತನ್ನ ಬಾಯಿಂದಲೇ ಬಂತೇ ಎಂದು ಅವಳಿಗೇ ಆಶ್ಚರ್ಯವಾಯಿತು. ಮಾಣಿಕಪ್ಪ ಬಾಗಿಲಿನಿಂದ ಇಣುಕಿ, ಅಣ್ಣನ ಮುಖ ನೋಡಿ, ಅರ್ಧ ಒಳಗೆ ಹೋದರು.

ದತ್ತಪ್ಪ ಸಿಟ್ಟು ಮಾಡಲಿಲ್ಲ. ಅವರು ಬೇರೆಯದೇ ಏನೋ ಯೋಚಿಸುತ್ತಿದ್ದರು. “ಬೆಕ್ಕು ಕೈಗೆ ಪರಚಿದ್ರ ಗಂಟು ಎಲ್ಲಿ ಆಗ್ತದಂತ?” ಎಂದು ಕೇಳಿದರು.

“ಬಗಲಾಗ ಆಗ್ತದಂತ್ರಿ.”

“ಬಗಲಾಗ?”

“ಹೌದ್ರಿ.”

“ಮತ್ತ ಅದು ತಾನೇ ಕರಗ್ತದ? ಗುಳಗಿ ಇಲ್ದ?”

“ಭಾಳ ಮಂದಿಗೆ ತಾನೇ ಕರಗ್ತದಂದ್ರು ಡಾಕ್ಟರು.”

ದತ್ತಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟರು. ಅವರ ಮುಖದ ಮೇಲೆ ನಗುವೋ ನಾಚಿಕೆಯೋ ಎರಡೂ ಸೇರಿದ್ದೇನೋ ಹರಡಿತು. ಬಲಗೈ ಮುಂದೆ ಚಾಚಿದರು. ಮುಂಗೈಯ ಮೇಲೆ ಹಳೆಯ ಗೀರುಗಳು.

“ಹ್ವಾದ ವರ್ಷ ಈ ಬ್ಯಾಳಿ ಅವ್ವ ಪರಚಿತ್ತು. ಆಮ್ಯಾಲ ಬಗಲಾಗ ಗಂಟಾತು. ಮೂರು ತಿಂಗಳು ಇತ್ತು ನೋಡ್ರಿ. ಟಿಬಿನೋ, ಕ್ಯಾನ್ಸರೋ, ಏನೋ ಅಂತ ನಾ ರಾತ್ರಿ ನಿದ್ದಿ ಮಾಡಿಲ್ಲ.”

“ಮತ್ತ ಹೇಳಬಾರದೇನ್ರಿ ಭಾವಾರ?” ಜಯದೇವಿಯ ದನಿ ಓಣಿಯ ಆ ತುದಿ ಮುಟ್ಟಿತು.

“ಹ್ಯಾಂಗ ಹೇಳ್ಲಿ? ಮನಿ ಹಿರಿಯಾ ನಾನು. ನಾನೇ ಅಂಜಿದ್ರ ನೀವೆಲ್ಲಾ ಏನ್ ಮಾಡ್ತಿದ್ರಿ? ಅಂಗಿ ಕಳಿಲಿಲ್ಲ, ಯಾರಿಗೂ ತೋರಸಲಿಲ್ಲ. ತಾನೇ ಹೋತು.” ಅವರು ಮಲ್ಲಿಕಾಳನ್ನು ನೋಡಿದರು. “ಹೆಸರಿಲ್ಲದ ಗಂಟು ಇಟಗೊಂಡು ಮಲಗೋದು ಎಂಥಾದ್ದಂತ ನನಗ ಗೊತ್ತಿತ್ತವ್ವ. ಅದಕ್ಕ ಹೆಸರು ತರ್ರಿ ಅಂದೆ. ನಿನ್ನ ಬ್ಯಾಡ ಅನ್ನಾಕಲ್ಲ.”

ಇಷ್ಟು ದಿನ ಹುಲಿ ಎಂದು ಹೆದರಿದ್ದ ಮನುಷ್ಯ ತನ್ನ ಹಾಗೆಯೇ ಗೀರು ಮುಚ್ಚಿಕೊಂಡು ಕೂತಿದ್ದರು. ಅವಳು ನಕ್ಕಳು. ಈ ನಗು ಯಾರೂ ಹೇಳಿಕೊಟ್ಟದ್ದಲ್ಲ. ಜಯದೇವಿಯೂ ನಕ್ಕರು, ಬಾಗಿಲಲ್ಲಿ ಅರ್ಧ ಇದ್ದ ಮಾಣಿಕಪ್ಪ ಪೂರ್ತಿ ಹೊರಗೆ ಬಂದು ಅಣ್ಣನ ಎದುರೇ ಗಟ್ಟಿಯಾಗಿ ನಕ್ಕರು. ಯಶವಂತ ಗೊನೆ ಕೆಳಗಿಟ್ಟು, ಬ್ಯಾಳಿಯನ್ನು ಎತ್ತಿ ಒಂದು ಬುಟ್ಟಿಯೊಳಗೆ ಹಾಕಿ, “ಪಶು ದವಾಖಾನಿ ಬಾಗಿಲು ಹಾಕೋದ್ರೊಳಗ ಹೋಗಿ ಬರ್ತೀನಿ,” ಎಂದ. ಹೋಗುವ ಮೊದಲು ಮಲ್ಲಿಕಾಳ ಹತ್ತಿರ ನಿಂತು, “ಕಾರ್ಡಿನ ಬಣ್ಣ ಯಾವುದು ಬೇಕು?” ಎಂದು ಕೇಳಿದ. ಅವಳು ಕೇಸರಿ ಎಂದಳು.

ಐದು ದಿನದ ಗುಳಿಗೆ ಮುಗಿದು, ಗಂಟು ನಿಂಬೆಯಿಂದ ಬೋರೆಹಣ್ಣಾಗಿ, ಬೋರೆಯಿಂದ ಕಡಲೆಯಾಗಿ, ಲಗ್ನದ ವಾರ ಬರುವಷ್ಟರಲ್ಲಿ ಹುಡುಕಿದರೂ ಕೈಗೆ ಸಿಗದಂತಾಯಿತು. ಖೂಬಾ ಪ್ಲಾಟಿನ ವೈದ್ಯರೆಲ್ಲ ಅದು ತಮ್ಮ ತಮ್ಮ ಔಷಧದಿಂದಲೇ ಹೋಯಿತೆಂದು ಹೇಳಿಕೊಂಡು ತಿರುಗಿದರು.

ಮದುಮಗಳಿಗೆ ಬಳೆ ಇಡಿಸುವ ದಿನ ರೋಜಾದಿಂದ ಮೆಹಬೂಬಿ ಬಂದರು. ಊರಿನ ಅರ್ಧ ಮದುಮಕ್ಕಳ ಕೈಗೆ ಬಳೆ ಇಟ್ಟವರು ಅವರು. ಕಮಲಾಪುರದಿಂದ ಜಯದೇವಿ ತಮ್ಮ ಕಡೆಯ ಹೆಂಗಸರೊಂದಿಗೆ ಹಸಿರು ಬಳೆ, ಹೂವು, ಮೂರು ಗೊನೆ ಬಾಳೆಹಣ್ಣು ತಂದಿದ್ದರು. ಕೋಣೆಯ ತುಂಬ ಹೆಂಗಸರು. ಮೆಹಬೂಬಿ ಮಲ್ಲಿಕಾಳ ಕೈಯನ್ನು ಹಿಂಡಿ ಮೆತ್ತಗೆ ಮಾಡಿ, ಅಳತೆಗಿಂತ ಸಣ್ಣ ಬಳೆಯನ್ನೇ ಆರಿಸಿ ಗೆಣ್ಣಿನ ಮೇಲೆ ಒತ್ತಿದರು. ಮದುಮಗಳ ಬಳೆ ಬಿಗಿ ಇದ್ದಷ್ಟೂ ಚೆಂದ ಎಂದು ಎಲ್ಲರೂ ಒಪ್ಪಿಕೊಂಡ ಮಾತು. ಬಳೆ ಇಡುವಾಗ ಮದುಮಗಳು ತಲೆ ತಗ್ಗಿಸಿ ನಗುತ್ತ ಕೂರಬೇಕು ಎನ್ನುವುದೂ ಹಾಗೆಯೇ. ಒಂದು ಹೋಯಿತು. ಎರಡು ಹೋಯಿತು. ಮೂರನೆಯದು ಗೆಣ್ಣಿನಲ್ಲಿ ನಿಂತಿತು.

“ನೋವಾಗ್ತದ್ರಿ,” ಎಂದಳು ಮಲ್ಲಿಕಾ, ಮೈದಾನದಲ್ಲಿ ಮಾತಾಡುವಷ್ಟೇ ಗಟ್ಟಿಯಾಗಿ.

ಅವ್ವ ಕಣ್ಣು ಬಿಟ್ಟಳು. ಮೆಹಬೂಬಿಗೆ ನಗು ಬಂತು. “ಇಷ್ಟು ವರ್ಷ ಆತು ಬಳಿ ಇಡಾಕತ್ತು. ಯಾವ ದುಲ್ಹನ್ನೂ ಬಾಯಿಬಿಟ್ಟು ಹಿಂಗ ಅಂದಿಲ್ಲ ನೋಡವ್ವ.”

ಜಯದೇವಿ ಆ ಮೂಲೆಯಿಂದ ಎದ್ದು, ಹೆಂಗಸರನ್ನು ದಾಟಿ ಬಂದು ಸೊಸೆಯ ಪಕ್ಕದಲ್ಲಿ ಕೂತರು.

“ಅಕಿಗೆ ನೋವಾಗ್ತದಂತ, ಕೇಳಸ್ತಿಲ್ಲೇನು? ದೊಡ್ಡವು ತೆಗೀರಿ,” ಎಂದರು. ಆಮೇಲೆ ತಮ್ಮ ಎರಡೂ ಕೈಗಳನ್ನು ಮೆಹಬೂಬಿಯ ಮುಂದೆ ಚಾಚಿದರು. “ಹಂಗ ನನಗೂ ಇವು ತೆಗದು ದೊಡ್ಡವು ಇಡ್ರಿ. ಲಗ್ನ ಆಗಿ ಮೂವತ್ತು ವರ್ಷ ಆತು, ಬಿಗಿ ಬಳೀನೇ ಇಟಗೊಂಡು ಕುಂತೀನಿ.”